ಪತಂಗ ಎದ್ದು ಹೋಗುವ ತನಕ

ವಿಜ್ಞಾನ ಕಲಿಸುವವರ ಹಣೆಬರಹ ಎಲ್ಲಿ ಹೋದರೂ ಬೆನ್ನು ಬಿಡುವುದಿಲ್ಲ. ಖಾಸಬಾಗದ ನಮ್ಮ ಓಣಿಯಲ್ಲಿ ಯಾರ ಮನೆಗೆ ಹುಳ ಬಂದರೂ ಮೊದಲು ನನ್ನನ್ನು ಕರೆಯುತ್ತಾರೆ, ಆಮೇಲೆ ಕಸಬರಿಗೆ ಹುಡುಕುತ್ತಾರೆ. ಅದರಲ್ಲೂ ಪತಂಗಕ್ಕೂ ನನಗೂ ಯಾವ ಜನ್ಮದ ನಂಟೋ ಗೊತ್ತಿಲ್ಲ. ಒಂದು ಸಲ ನನ್ನ ಮಗಳ ಮದುವೆಯೇ ಅದರ ಕೈಗೆ ಸಿಕ್ಕಿತ್ತು. ಅದನ್ನು ಕಡೆಗೆ ಹೇಳುತ್ತೇನೆ.

ಅರ್ಥ

ನಾನು ದಿನಾ ಬಸ್ಸು ಹತ್ತಿ ಖಾನಾಪುರದ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲ. ಪಾಠದಲ್ಲಿ ‘ಪತಂಗ’ ಅಂತ ಬಂತು. ಅರ್ಥ ಕೇಳಿದೆ. ಬೀಡಿ ಅನ್ನುವ ಊರಿನ ಹುಡುಗಿ, “ನಮ್ಮನ್ಯಾಗ ದೀಪದ ಹುಳ ಅಂತೇವ್ರಿ” ಅಂದಳು. ಮರಾಠಿ ಮನೆಯ ಹುಡುಗಿ, “ನಮ್ಮ ಆಜಿ ಪಾಖರೂ ಅಂತಾಳ್ರಿ” ಅಂದಳು. ಗೊತ್ತಿದ್ದದ್ದನ್ನೆಲ್ಲ ಹೇಳಿಬಿಡುವ ಚಟ ನನಗೆ. ಸಂಸ್ಕೃತದಲ್ಲಿ ಪತಂಗ ಅಂದರೆ ಹಾರುತ್ತ ಹೋಗುವುದು, ಹಕ್ಕಿಗೂ ಅದೇ ಹೆಸರು, ಸೂರ್ಯನಿಗೂ ಅದೇ ಹೆಸರು ಎಂದು ವಿವರಿಸಿದೆ.

ಬೀಡಿ ಊರಿನ ಹುಡುಗಿ ಎದ್ದು ನಿಂತಳು. “ಅಕ್ಕಾರ, ಹಂಗಾದ್ರ ಹೆಸರಿಟ್ಟಾವ್ರು ಏನು ಅಂತ ನೋಡೇ ಇಲ್ರಿ. ಸುಮ್ಮ ಮ್ಯಾಲ ಕೈ ಮಾಡಿ ತೋರ್ಸಿ ಹೋಗ್ಯಾರ.”

ವ್ಯತ್ಯಾಸ

ಆ ವರ್ಷದ ಪರೀಕ್ಷೆಯಲ್ಲಿ ಚಿಟ್ಟೆಗೂ ಪತಂಗಕ್ಕೂ ಇರುವ ವ್ಯತ್ಯಾಸ ಬರೆಯಿರಿ ಅಂದಿದ್ದೆ. ಒಬ್ಬ ಹೀಗೆ ಬರೆದ: “ಚಿಟ್ಟೆಗೆ ಡೇ ಡ್ಯೂಟಿ, ಪತಂಗಕ್ಕೆ ನೈಟ್ ಡ್ಯೂಟಿ. ಆದ್ದರಿಂದ ಪತಂಗವು ಹಗಲಿನಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತದೆ. ಅದನ್ನು ಎಬ್ಬಿಸಿದರೆ ಹೊಡೆಯುತ್ತದೆ.”

ಕಡೆಯ ಮಾತು ಎಲ್ಲಿಂದ ಬಂತು ಅಂತ ತಿಳಿಯಲಿಲ್ಲ. ಪಾಲಕರ ಸಭೆಯಲ್ಲಿ ಅವನ ತಾಯಿಯನ್ನು ಕೇಳಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ನಮ್ಮ ಮನೆಯವರು ಹಿಂಡಲಗಾ ಜೇಲಿನಾಗ ರಾತ್ರಿ ಪಾಳಿ ಅದಾರ್ರಿ.”

ಸೀರೆ

ನಮ್ಮ ಸ್ಟಾಫ್ ರೂಮಿಗೆ ಒಮ್ಮೆ ಪತಂಗ ಹಾರಿ ಬಂತು. ಅಂದೇ ಹೊಸ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದ ಮರಾಠಿ ಟೀಚರ್ ಕುರ್ಚಿ ಮೇಲೆ ಹತ್ತಿ ನಿಂತರು. ನಾನು ಸಮಾಧಾನ ಹೇಳಲು ಹೋದೆ: “ಯಾಕ ಅಂಜ್ತೀರಿ? ನೀವು ಉಟ್ಟಿರೂ ರೇಷ್ಮಿ ಇದರ ಬಳಗದ್ದ ಐತ್ರಿ.”

ಅವರ ಮುಖ ಇನ್ನಷ್ಟು ಬಿಳಿಚಿತು. “ಅಯ್ಯ, ಹಂಗಾದ್ರ ಅದು ವಾಪಸ್ ಕೇಳಾಕ ಬಂದೈತಿ.”

ಅತ್ತೆಯವರು

ಈಗ ಮಗಳ ಮಾತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗನನ್ನು ಅವಳೇ ಮೆಚ್ಚಿಕೊಂಡಿದ್ದಳು, ಅವನೂ ಮೆಚ್ಚಿದ್ದ. ಅವರ ಮನೆ ಖಾನಾಪುರದಾಚೆ, ಕಾಡಿನ ಅಂಚಿನ ಊರಿನಲ್ಲಿ. ಮರುದಿನ ಆಷಾಢ ಹಿಡಿಯುತ್ತದೆ ಅನ್ನುವಾಗ ನಾನು, ನನ್ನ ಗಂಡ, ಮಗಳು ಮೂವರೂ ಮನೆ ನೋಡಲು ಹೋದೆವು. ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವುದೊಂದೇ ಬಾಕಿ. ಅವತ್ತು ತಪ್ಪಿದರೆ ಒಂದು ತಿಂಗಳು ಮಾತಿಲ್ಲ, ಅಷ್ಟರಲ್ಲಿ ಹುಡುಗನ ಸೋದರತ್ತೆ ತನ್ನ ಕಡೆಯ ಹುಡುಗಿಯನ್ನು ತರಲು ತುದಿಗಾಲಲ್ಲಿ ನಿಂತಿದ್ದಾಳೆಂದು ಮಗಳು ದಾರಿಯುದ್ದಕ್ಕೂ ಗೋಳಾಡಿದ್ದಳು.

ಒಳಗೆ ಹೋಗಿ ಕೂತೆವು. ಗೋಡೆಯ ಮೇಲೆ ಹುಡುಗನ ತೀರಿಹೋದ ಅಜ್ಜಿಯ ಫೋಟೊ, ಅದಕ್ಕೆ ಹಾರ. ಫೋಟೊದ ಬಾಜುವಿಗೆ ಎರಡು ಅಂಗೈ ಸೇರಿಸಿದಷ್ಟು ಅಗಲದ ಕಾಡು ಪತಂಗ ರೆಕ್ಕೆ ಹರಡಿ ಕೂತಿತ್ತು. ಹುಡುಗನ ತಾಯಿ ಅದನ್ನು ಕಂಡು ಕೈ ಮುಗಿದರು. “ನಮ್ಮ ಅತ್ತಿಯವರು ಬಂದಾರ. ಅವರು ಎದ್ದು ಹೋಗೂತನಕ ನಮ್ಮ ಮನ್ಯಾಗ ಯಾವ ಮಾತೂ ಮುಗಸೂದಿಲ್ರಿ.”

ಈ ಜಾತಿಯ ಪತಂಗ ಕತ್ತಲಾಗುವ ತನಕ ಅಲುಗುವುದಿಲ್ಲವೆಂದು ನನಗೆ ಗೊತ್ತು. ನಮ್ಮೂರಿಗೆ ಕೊನೆಯ ಬಸ್ಸು ಅದಕ್ಕೂ ಮೊದಲೇ. ಕೂತೆವು, ಕೂತೇ ಇದ್ದೆವು. ಮಗಳು ಪತಂಗವನ್ನು ನೋಡುವುದು, ಹುಡುಗ ಮಗಳನ್ನು ನೋಡುವುದು. ಅವನ ತಾಯಿ ಗೋಡೆಯ ಕೆಳಗೆ ಸ್ಟೂಲಿಟ್ಟು, ಅದರ ಮೇಲೆ ಅವಲಕ್ಕಿ, ಚಹಾ ಇಟ್ಟು, “ಅತ್ತಿ, ತಗೋರಿ” ಎಂದು ಉಪಚಾರ ಮಾಡಿದರು. ಬಾಯಿ ಬಿಡಬೇಡ ಅಂತ ನನ್ನ ಗಂಡ ಕಣ್ಣಲ್ಲೇ ಬೇಡಿಕೊಂಡರು. ಆದರೆ ಚಟ ಕೇಳಬೇಕಲ್ಲ.

“ಅದು ಏನೂ ತಿನ್ನೂದಿಲ್ರಿ. ಈ ಹುಳಕ್ಕ ಬಾಯಿನ ಬೆಳದಿರೂದಿಲ್ಲ. ಗಪ್ಪ ಕುಂದರೂದಷ್ಟ ಅದರ ಕೆಲಸ,” ಅಂದೆ.

ಹುಡುಗನ ತಾಯಿಯ ಮುಖ ಗಂಟಾಯಿತು, ಮಗಳ ಕಣ್ಣು ತುಂಬಿ ಬಂತು. ಬಂಗಾರದಂಥ ಸಂಬಂಧವನ್ನು ನನ್ನ ಕೈಯಾರೆ ಕೆಡಿಸಿದೆನಲ್ಲ ಅನಿಸಿತು.

ಆಗ ಮೂಲೆಯ ಮಂಚದ ಮೇಲೆ ಕೂತಿದ್ದ ಹುಡುಗನ ಅಜ್ಜ, ಫೋಟೊದಲ್ಲಿದ್ದ ಅಜ್ಜಿಯ ಯಜಮಾನರು, ಮೊದಲ ಸಲ ಮಾತಾಡಿದರು. “ಏನಂದ್ರಿ ಅಕ್ಕಾರ? ತಿನ್ನೂದಿಲ್ಲ, ಮಾತಾಡೂದೂ ಇಲ್ಲ?”

“ಇಲ್ರಿ ಅಜ್ಜಾರ.”

ಅಜ್ಜ ಗೋಡೆಯ ಕಡೆ ಒಮ್ಮೆ ನೋಡಿದರು, ಸೊಸೆಯ ಕಡೆ ತಿರುಗಿದರು. “ಇದು ನಿಮ್ಮತ್ತಿ ಅಲ್ಲ ತಗಿ. ಮನಿಗೆ ಬೀಗರು ಬಂದಾರ, ಮುಂದ ಚಹಾ ಐತಿ. ಇಷ್ಟೊತ್ತು ಗಪ್ಪ ಕುಂದರೂದು ಅಕಿಗೆ ಸತ್ತರೂ ಆಗೂದಿಲ್ಲ. ಸಕ್ರಿ ಹಂಚು.”