ಮಾವನ ಕಂಕುಳಲ್ಲಿ ಕರೆಂಟು

ಮಸ್ಕಿಯಲ್ಲಿ ಕರೆಂಟು ಎಂದೂ ಹೋಗದ ಜಾಗ ಒಂದೇ ಒಂದಿದೆ: ನಮ್ಮ ಸೋದರಮಾವನ ಎಡಗಂಕುಳು! ಊರೆಲ್ಲ ಕತ್ತಲಾಗಲಿ, ಗಿರಣಿ ನಿಲ್ಲಲಿ, ಫ್ಯಾನು ನಿಂತು ಮಂದಿ ಹಳೆಯ ರಟ್ಟು ಹುಡುಕಿ ಗಾಳಿ ಬೀಸಿಕೊಳ್ಳಲಿ, ಅಲ್ಲಿ ಮಾತ್ರ ಹಗಲೂ ರಾತ್ರಿ ಸಪ್ಲೈ ಇರುತ್ತದೆ. ನಂಬಿಕೆ ಬರುವುದಿಲ್ಲವೇ? ಅವನ ಕಿರಾಣಿ ಅಂಗಡಿಗೆ ಹೋಗಿ ನೋಡಿ. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮನುಷ್ಯನ ಕಂಕುಳಲ್ಲಿ ಗೇಣುದ್ದದ ಒಂದು ಪ್ಲಾಸ್ಟಿಕ್ ಪೈಪು, ಪೈಪಿನಿಂದ ಹೊರಟ ಒಂದು ಕೆಂಪು ಒಂದು ಕರಿ ವೈರು, ವೈರಿನ ಆ ತುದಿಗೆ ಅಂಗೈಯಲ್ಲಿ ಹಿಡಿದು ಆಡುವ ಒಂದು ಗೇಮು. ಮೇಲಿನಿಂದ ಇಟ್ಟಿಗೆ ಬೀಳುತ್ತವಲ್ಲ, ಸಾಲು ಕೂಡಿದರೆ ಮಾಯವಾಗುತ್ತವಲ್ಲ, ಅದೇ. ಒಂದು ಕಾಲದಲ್ಲಿ ಬಸ್‌ಸ್ಟ್ಯಾಂಡಿನ ಫುಟ್‌ಪಾತಿನಲ್ಲಿ ಬಾಚಣಿಗೆಯ ಪಕ್ಕದಲ್ಲಿ ರಾಶಿ ಹಾಕಿ ಮಾರುತ್ತಿದ್ದರು. ಈಗ ಭೂಮಿಯ ಮೇಲೆ ಅದನ್ನು ಇಟ್ಟುಕೊಂಡವನು ಇವನೊಬ್ಬನೇ ಇರಬೇಕು.

ಗೇಮಿನ ಬೆನ್ನಲ್ಲಿ ಎರಡು ಸಣ್ಣ ಸೆಲ್ಲು ಹಾಕಲು ಜಾಗವಿತ್ತು. ಒಮ್ಮೆ ಸೆಲ್ಲು ಸೋರಿ ಸ್ಪ್ರಿಂಗಿಗೆ ತುಕ್ಕು ಹತ್ತಿತು. ಬೇರೆ ಯಾರಾದರೂ ಆಗಿದ್ದರೆ ತಿಪ್ಪೆಗೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದರು. ನಮ್ಮ ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಿಂಧನೂರಿನ ರೇಡಿಯೊ ರಿಪೇರಿ ಅಂಗಡಿಗೆ ಹೋದ. ಸ್ಪ್ರಿಂಗು ಪೂರ್ತಿ ಕೈಕೊಡುವುದರೊಳಗೆ ವೈರು ಬೆಸೆದು ಹೊರಗೆ ತರಬೇಕು, ಆದರೆ ಸೆಲ್ಲು ಮಾತ್ರ ತೆಗೆಯಬಾರದು!

"ಸೆಲ್ ತೆಗಿಯದ ಬೆಸಿಗಿ ಹೆಂಗ್ ಹಾಕ್ಲಿ ಕಾಕಾ?" ಅಂದನಂತೆ ರಿಪೇರಿಯವನು.

"ಉಸುರಾಡೋ ಮನಷ್ಯಾಗ ಡಾಕ್ಟ್ರು ಆಪರೇಶನ್ ಮಾಡಂಗಿಲ್ಲೇನು? ಹಂಗ ಹಾಕು."

ಯಾಕಿಷ್ಟು ಪಂಚಾಯ್ತಿ ಎಂದರೆ, ಆ ಗೇಮಿನ ಪರದೆಯ ಮೂಲೆಯಲ್ಲಿ ಒಂದು ಐದಂಕಿಯ ಸಂಖ್ಯೆ ಕೂತಿದೆ. ಇದುವರೆಗಿನ ಎಲ್ಲಕ್ಕಿಂತ ದೊಡ್ಡ ಸ್ಕೋರು. ಸೆಲ್ಲು ಒಂದು ಕ್ಷಣ ಕಳಚಿದರೂ ಗೇಮು ಎಲ್ಲವನ್ನೂ ಮರೆತುಬಿಡುತ್ತದೆ, ಸಂಖ್ಯೆ ಸೊನ್ನೆಯಾಗುತ್ತದೆ. ಆ ಒಂದು ಸಂಖ್ಯೆಗಾಗಿಯೇ ನಮ್ಮ ಮಾವ ಇಷ್ಟು ವರ್ಷ ಕಂಕುಳಲ್ಲಿ ವಿದ್ಯುತ್ ಇಲಾಖೆ ನಡೆಸಿಕೊಂಡು ಬಂದಿದ್ದಾನೆ.

ಬ್ಯಾಟರಿ ಬದಲಿಸುವ ದಿನವಂತೂ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಪೈಪಿನಲ್ಲಿ ಎರಡು ದಪ್ಪ ಸೆಲ್ಲು, ಮೇಲೆ ಸೈಕಲ್ ಟ್ಯೂಬಿನ ರಬ್ಬರ್ ಕಟ್ಟು. ಮೊದಲು ಹೊಸ ಪೈಪಿನ ವೈರು ಜೋಡಿಸಬೇಕು, ಆಮೇಲೆ ಹಳೆಯದನ್ನು ಬಿಡಿಸಬೇಕು. ಆಗ ಅವನ ಮುಖ ನೋಡಬೇಕು ನೀವು, ಸಲಾಯಿನ್ ಬಾಟಲಿ ಬದಲಿಸುವ ನರ್ಸಮ್ಮನ ಮುಖವೇ! ಮುಗಿದ ಮೇಲೆ ಪರದೆ ನೋಡಿ, ಉಸಿರು ಬಿಟ್ಟು, "ಐತಿ, ಐತಿ" ಅನ್ನುತ್ತಾನೆ.

"ಇಷ್ಟ್ ದೊಡ್ಡ ಸ್ಕೋರ್ ಯಾವಾಗ ಹೊಡೆದಿ ಮಾಮಾ?" ಎಂದು ನಾನೊಮ್ಮೆ ಕೇಳಿದೆ.

"ಅದು ನಮ್ಮ ಮನಿ ಸ್ಕೋರ್ ಬೇ" ಅಂದ.

ಎಷ್ಟು ವಿನಯ! ರಾಜರು ತಮ್ಮನ್ನು 'ನಾವು' ಅಂದುಕೊಂಡ ಹಾಗೆ. ನನಗೆ ಅನುಮಾನ ಬರದೇ ಇರಲಿಲ್ಲ. ಯಾಕೆಂದರೆ ನಮ್ಮ ಮಾವನಷ್ಟು ಕೆಟ್ಟದಾಗಿ ಆ ಗೇಮು ಆಡುವವರನ್ನು ನಾನು ಕಂಡಿಲ್ಲ. ಅಂಗಡಿಯಲ್ಲಿ ಸಾಬೂನು, ಕಡ್ಡಿಪೆಟ್ಟಿಗೆ ಎಲ್ಲ ಗೋಡೆ ಕಟ್ಟಿದಂತೆ ಜೋಡಿಸುವ ಮನುಷ್ಯ, ಪರದೆಯ ಮೇಲೆ ನಾಲ್ಕು ಇಟ್ಟಿಗೆ ಬೀಳುವುದರೊಳಗೆ ಗಾಬರಿಯಾಗಿ ಗುಂಡಿಗೆ ಬೈಯಲು ಶುರು ಮಾಡುತ್ತಾನೆ. ವಯಸ್ಸಿನಲ್ಲಿ ಚೆನ್ನಾಗಿ ಆಡುತ್ತಿದ್ದಿರಬೇಕು, ಪಾಪ, ಎಂದು ಸುಮ್ಮನಾದೆ.

ಅವನದು ಕಿರಾಣಿ ಅಂಗಡಿ ಎಂದೆನಲ್ಲ. ಅಲ್ಲಿ ಸೆಲ್ಲೂ ಮಾರುತ್ತಾರೆ ಎಂದು ಬೋರ್ಡಿನಲ್ಲಿದೆ. ಆದರೆ ಇದುವರೆಗೆ ಒಬ್ಬ ಗಿರಾಕಿಗೂ ಸಿಕ್ಕಿಲ್ಲ! "ಸೆಲ್ ಖಾಲಿ ಆಗ್ಯಾವ್ರೀ" ಅನ್ನುತ್ತಾನೆ, ಬೆನ್ನ ಹಿಂದೆ ಡಬ್ಬಿ ತುಂಬ ಸೆಲ್ಲು ಇಟ್ಟುಕೊಂಡು. ಸಾಲದ್ದಕ್ಕೆ, ಶಕ್ತಿ ಕುಂದಿದ ಸೆಲ್ಲುಗಳನ್ನು ಎಸೆಯದೆ ಮಾಳಿಗೆಯ ಮೇಲೆ ಬಿಸಿಲಿಗಿಡುತ್ತಾನೆ. ನಮ್ಮ ಕಡೆಯ ಬಿಸಿಲು ಎಂದರೆ ಸತ್ತವರೂ ಎದ್ದು ನೆರಳಿಗೆ ಓಡಬೇಕು, ಸೆಲ್ಲು ಯಾವ ಲೆಕ್ಕ? ಒಂದು ಬೇಸಿಗೆಯಲ್ಲಿ ಅತ್ತೆಯ ಸಂಡಿಗೆಯ ಸೀರೆಯ ಮೇಲೆಯೇ ತನ್ನ ಸೆಲ್ಲುಗಳನ್ನು ಸಾಲಾಗಿ ಮಲಗಿಸಿದ್ದ.

"ನಾ ಸಂಡಿಗಿ ಕಾಯ್ಲೋ, ನಿಮ್ಮ ಸೆಲ್ ಕಾಯ್ಲೋ?" ಎಂದಳು ಅತ್ತೆ.

"ಎರಡೂ ಕಾಯಿ. ಕಾಗಿಗೆ ಫರಕ್ ಗೊತ್ತಾಗಂಗಿಲ್ಲ."

ಗೊತ್ತಾಗಲಿಲ್ಲ ನೋಡಿ! ಒಂದು ಕಾಗೆ ಸೆಲ್ಲು ಎತ್ತಿಕೊಂಡು ಹೋಗಿ ಎದುರುಮನೆಯವರು ಒಗೆದು ಹರವಿದ್ದ ಹಾಸಿಗೆಯ ಮೇಲೆ ಹಾಕಿತು. ಆ ಕರಿ ಕಲೆ ಇವತ್ತಿಗೂ ಹೋಗಿಲ್ಲ, ಎದುರುಮನೆಯವರ ಸಿಟ್ಟೂ ಹೋಗಿಲ್ಲ.

ನಾನು ಲಿಂಗಸುಗೂರಿನಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರು. ಇಷ್ಟು ಕಲಿತು ಇಷ್ಟೂ ಉಪಕಾರ ಮಾಡದಿದ್ದರೆ ಹೇಗೆಂದು ಒಂದು ಪವರ್ ಬ್ಯಾಂಕ್ ತಂದುಕೊಟ್ಟೆ. ವೋಲ್ಟೇಜು ಕಡಿಮೆ ಮಾಡುವ ಒಂದು ಸಣ್ಣ ಪಟ್ಟಿಯನ್ನೂ ಜೋಡಿಸಿಕೊಟ್ಟೆ. ಮಾವ ಅದನ್ನು ನೇರವಾಗಿ ಗೇಮಿಗೆ ಹಚ್ಚಲಿಲ್ಲ. ಮೊದಲು ಒಂದು ಗುಲಗಂಜಿಯಷ್ಟು ದೀಪಕ್ಕೆ ಹಚ್ಚಿ ಪರೀಕ್ಷೆಗೆ ಇಟ್ಟ. ಸ್ವಲ್ಪ ಹೊತ್ತಿಗೆ ದೀಪ ಆರಿತು. ಇಷ್ಟು ಕಡಿಮೆ ಕರೆಂಟು ಎಳೆದರೆ ಯಾರೂ ಇಲ್ಲವೆಂದುಕೊಂಡು ಪವರ್ ಬ್ಯಾಂಕು ತಾನಾಗಿ ಬಂದ್ ಆಗುತ್ತದೆ. ಅದು ನನಗೆ ಹೊಳೆದೇ ಇರಲಿಲ್ಲ.

"ತಗೊಂಡ್ ಹೋಗವಾ ಇದನ್ನ. ಕೆಲ್ಸ ಕಮ್ಮಿ ಇತ್ತಂದ್ರ ನಿದ್ದಿ ಮಾಡ್ತೈತಿ. ನಿಮ್ಮ ಸಾಲಿಗೆ ಚಲೋ ಆಗ್ತೈತಿ" ಎಂದು ವಾಪಸು ಕೊಟ್ಟ.

ಇನ್ನು ಬಸ್ಸಿನ ಕಥೆ. ನಾವಿಬ್ಬರೂ ಸಿಂಧನೂರಿನಿಂದ ಮಸ್ಕಿಗೆ ಬರುತ್ತಿದ್ದೆವು. ಮಾವನ ಮಡಿಲಲ್ಲಿ ಕೈಚೀಲ, ಚೀಲದ ಬಾಯಿಂದ ಇಣುಕುವ ಕೆಂಪು ವೈರು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ವೈರು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಯಜಮಾನ್ರ, ಚೀಲದಾಗ ಏನೈತಿ?"

"ಬ್ಯಾಟ್ರಿ ಐತಿ."

ಈಗ ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಬ್ಯಾಟ್ರಿ ಎಂದರೆ ಕತ್ತಲಲ್ಲಿ ಹಿಡಿದು ಓಡಾಡುವ ಟಾರ್ಚು. ಕಂಡಕ್ಟರ್ ಹಾಗೆಯೇ ತಿಳಿದ.

"ಬ್ಯಾಟ್ರಿಗೆ ವೈರ್ ಯಾಕ ಬಂದಾವ? ಬ್ಯಾಟ್ರಿ ಆದ್ರ ಹಚ್ಚಿ ತೋರಸ್ರಿ!"

ಪಕ್ಕದ ಸೀಟಿನ ಮುದುಕಿ, "ಬ್ಯಾಡೋ ಯಪ್ಪಾ, ಹಚ್ಚಬ್ಯಾಡೋ" ಎಂದು ನನ್ನ ತೋಳು ಹಿಡಿದಳು. ಮಾವ ಹಚ್ಚಿಯೇಬಿಟ್ಟ. ಚೀಲದೊಳಗಿಂದ 'ಟಿಣ್ ಟಿಣ್ ಟಿಟಿಣ್' ಎಂದು ಗೇಮಿನ ಸಂಗೀತ ಹೊರಟಿತು! ಹಿಂದಿನ ಸೀಟಿನವರೆಲ್ಲ ಮುಂದಿನ ಬಾಗಿಲಿಗೆ, ಮುಂದಿನವರೆಲ್ಲ ಹಿಂದಿನ ಬಾಗಿಲಿಗೆ. ನಡುವೆ ಸಿಕ್ಕು ಯಾರೂ ಇಳಿಯಲಾಗಲಿಲ್ಲ. ಗದ್ದಲ ತಣ್ಣಗಾದ ಮೇಲೆ ಕಂಡಕ್ಟರೇ ಪೈಪಿನ ಸಮೇತ ಗೇಮು ಇಸಿದುಕೊಂಡು ಮುಂದಿನ ಸೀಟಿನಲ್ಲಿ ಆಡುತ್ತ ಕೂತ. ಮಂದಿ ಟಿಕೆಟ್ ಕೊಡಪ್ಪಾ ಎಂದು ಅವನ ಹಿಂದೆ ಬಿದ್ದಿದ್ದರು.

ಮನೆಗೆ ಬಂದವನೇ ಮಾವ ಒಂದು ಕಾನೂನು ಹೊರಡಿಸಿದ. ಇನ್ನು ಮುಂದೆ ಈ ಮನೆಯಲ್ಲಿ ಬ್ಯಾಟ್ರಿ ಎಂದರೆ ಪೈಪು ಮಾತ್ರ. ಬೆಳಕು ಬಿಡುವುದಕ್ಕೆ ಎಲ್ಲರೂ ಟಾರ್ಚು ಎನ್ನತಕ್ಕದ್ದು.

"ಹುಟ್ಟಿದಾಗಿಂದ ಬ್ಯಾಟ್ರಿ ಅಂದೀನಿ. ಈಗ ನಿಮ್ಮ ಪೈಪಿನ ಸಲುವಾಗಿ ನಾಲಿಗಿ ಬದ್ಲಿ ಮಾಡ್ಲೇನು?" ಎಂದು ಅತ್ತೆ ಅಡುಗೆಮನೆಗೆ ಹೋದಳು. ಕಾನೂನು ಹಾಗೂ ಅತ್ತೆ ಇಬ್ಬರೂ ಒಂದೇ ಮನೆಯಲ್ಲಿ ತಮ್ಮ ತಮ್ಮ ಪಾಡಿಗೆ ಇದ್ದರು.

ಮೊನ್ನೆ ಮೊನ್ನೆ ಮಾವನ ಮಗಳಿಗೆ ಮುದಗಲ್ಲಿನ ಕಡೆ ಮದುವೆಯಾಯಿತು. ಮದುವೆಯ ನಂತರ ಅಳಿಯ ಮೊದಲ ಸಲ ಮನೆಗೆ ಬಂದ ದಿನ ನಾನೂ ಹೋಗಿದ್ದೆ. ಬಹಳ ಒಳ್ಳೆಯ ಹುಡುಗ. ನೀರು ಕೊಟ್ಟರೆ ಎದ್ದು ನಿಂತು ಇಸಿದುಕೊಳ್ಳುವಷ್ಟು ಒಳ್ಳೆಯವನು. ಮಾವ ಅವನಿಗೆ ಮನೆ ತೋರಿಸಿದ, ಅಂಗಡಿ ತೋರಿಸಿದ, ಕೊನೆಗೆ ಕಾನೂನು ತೋರಿಸಿದ.

"ನೋಡ್ರಿ ಅಳಿಯಾರ, ಇದು ಬ್ಯಾಟ್ರಿ. ಗ್ವಾಡಿಗಿ ತೂಗ ಹಾಕೀವಲ್ಲ, ಅದು ಟಾರ್ಚು."

"ಇದು ಬ್ಯಾಟ್ರಿ, ಅದು ಟಾರ್ಚು" ಎಂದು ಅಳಿಯ ನನ್ನ ಶಾಲೆಯ ಮಕ್ಕಳಿಗಿಂತ ಚೆನ್ನಾಗಿ ಒಪ್ಪಿಸಿದ.

ಹೋಳಿಗೆ ಊಟ ಮುಗಿಯಿತು. ಅಳಿಯ ಗೇಮು ಕೇಳಿದ. ಅಳಿಯ ಕೇಳಿದರೆ ಇಲ್ಲವೆನ್ನುವುದುಂಟೇ? ಕೊಟ್ಟ. ಆ ಹುಡುಗ ಆಡಿದ ನೋಡಿ! ಇಟ್ಟಿಗೆ ಬೀಳುವುದೇ ತಡ, ಸಾಲು ಮಾಯ. ಸ್ಕೋರು ಏರಿತು, ಏರಿತು, ಆ ಐದಂಕಿಯ ಹತ್ತಿರಕ್ಕೇ ಬಂತು. ಮಾವನ ಹಣೆಯ ಮೇಲೆ ಬೆವರು. ದಾಟಿದರೆ ಹಳೆಯ ಸಂಖ್ಯೆ ಅಳಿಸಿ ಹೊಸದು ಕೂಡುತ್ತದಲ್ಲ!

"ಅಳಿಯಾರ, ಊಟಕ್ಕ ಏಳ್ರಿ!"

"ಈಗರ ಉಂಡೆನ್ರೀ ಮಾವಾರ."

"ಉಂಡ್ರ ಏನಾತು? ಇನ್ನೊಮ್ಮಿ ಉಣ್ಣ್ರಿ. ನಮ್ಮನ್ಯಾಗ ಹಂಗ."

ಹಿರಿಯರ ಮಾತು. ಅಳಿಯ ಗೇಮು ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು, ಇನ್ನೂ ಎರಡು ಹೋಳಿಗೆ ಕಣ್ಣು ಮುಚ್ಚಿ ನುಂಗಿದ. ನಗು ತಡೆಯಲಾಗದೆ ನಾನು ಹಿತ್ತಲಿಗೆ ಓಡಿದೆ.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಅಡುಗೆಮನೆಯಿಂದ ಅತ್ತೆ ಕೂಗಿದಳು. "ಯಾರರ ಬ್ಯಾಟ್ರಿ ತರ್ರೀ ಜಲ್ದಿ! ಒಲಿ ಹಿಂದ ಚೇಳ್ ಐತಿ!"

ಹುಟ್ಟಿದಾಗಿನಿಂದ ಅಂದ ಮಾತು, ಅಂದಳು. ನಾವೆಲ್ಲ ಗೋಡೆಯ ಕಡೆ ಕೈ ಚಾಚುವುದರೊಳಗೆ, ಕಲಿತ ಪಾಠ ಮರೆಯದ ಅಳಿಯ ಮಾವನ ಪಕ್ಕದಲ್ಲಿದ್ದ ಪೈಪನ್ನು ವೈರಿನಿಂದ ಕಿತ್ತುಕೊಂಡು, "ತಂದೆನ್ರೀ ಅತ್ತ್ಯಾರ!" ಎಂದು ಅಡುಗೆಮನೆಗೆ ಹಾರಿದ.

ಗೋಡೆಯ ಟಾರ್ಚು ತಂದು ಹಚ್ಚಿದಾಗ ಚೇಳು ಸಿಕ್ಕಿತು. ನೋಡಿದರೆ ಅದು ಮಾವ ಪೈಪಿಗೆ ಕಟ್ಟಿ ಉಳಿದು ಬಿದ್ದಿದ್ದ ಸೈಕಲ್ ಟ್ಯೂಬಿನ ತುಂಡು!

ಎಲ್ಲರೂ ನಕ್ಕೆವು. ಮಾವ ಮಾತ್ರ ನಗಲಿಲ್ಲ. ಕರೆಂಟು ಬಂತು. ಅವನು ಪೈಪು ಜೋಡಿಸಿ ಪರದೆ ನೋಡಿದ. ಸೊನ್ನೆ. ಅಳಿಯನ ಮುಖ ಸಣ್ಣದಾಯಿತು. ಮಾವ ಅವನ ಬೆನ್ನು ಸವರಿ, "ಇರ್ಲಿ ಬಿಡ್ರಿ. ತಪ್ಪು ಕಾನೂನಿಂದು, ನಿಮ್ಮದಲ್ಲ" ಅಂದ. ಆಮೇಲೆ ಗೇಮು ಹಿಡಿದುಕೊಂಡು ಹೋಗಿ ಕಟ್ಟೆಯ ಮೇಲೆ ಕೂತ.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಒಂದ್ ನಂಬರ್ ಹೋದ್ರ ಇಷ್ಟ್ಯಾಕ ಮಾರಿ ಸಪ್ಪಗ ಮಾಡ್ತೀರಿ? ಮತ್ತೊಮ್ಮಿ ಹೊಡೀರಿ, ನಿಮ್ಮದ ಸ್ಕೋರ್ ಅಲ್ಲೇನು?"

"ನಂದಲ್ಲ" ಅಂದ ಮಾವ. "ನಿಂದು."

"ನಂದಾ?"

"ರಾಯಚೂರಾಗ ನೀ ಹೊಡೆದಿದ್ದ್ಯಲ್ಲ, ಆಸ್ಪತ್ರ್ಯಾಗ. ಅದು."

ಆಗ ನನಗೂ ನೆನಪಾಯಿತು. ಬಹಳ ವರ್ಷದ ಹಿಂದೆ ಬೈಕಿನಿಂದ ಬಿದ್ದು ಅತ್ತೆಯ ಸೊಂಟದ ಎಲುಬು ಮುರಿದಿತ್ತು. ಮುಂದೆ ನಡೆಯುತ್ತಾಳೋ ಇಲ್ಲವೋ ಎಂದು ಡಾಕ್ಟರೂ ಹೇಳದ ದಿನಗಳು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಯಾರೊಂದಿಗೂ ಮಾತಿಲ್ಲ. ಏನು ಮಾಡಬೇಕೆಂದು ತಿಳಿಯದೆ ಮಾವ ಹೊರಗೆ ಫುಟ್‌ಪಾತಿನಲ್ಲಿ ಸಿಕ್ಕ ಆ ಗೇಮು ತಂದು ಅವಳ ಕೈಯಲ್ಲಿಟ್ಟಿದ್ದ. ಮಲಗಿದಲ್ಲೇ ಹೆಬ್ಬೆರಳಾಡಿಸುತ್ತ ಆಡಿದಳು. ಸಲಾಯಿನ್ ಬಾಟಲಿಗಳ ನಡುವೆ ಅವನು ಪಕ್ಕದಲ್ಲಿ ಕೂತು ನೋಡಿದ. ಆಮೇಲೆ ಅವಳು ಎದ್ದಳು, ನಡೆದಳು, ಮನೆಗೆ ಬಂದಳು. ಗೇಮನ್ನು ಮತ್ತೆ ಮುಟ್ಟಲಿಲ್ಲ.

"ಆ ನಂಬರ್ ಬಂದ ದಿವ್ಸ ವಾರ್ಡಿನ ಮಂದೀನೆಲ್ಲ ಕರದು ತೋರಿಸಿದಿ. ನಕ್ಕಿ. ತಿನ್ನಾಕ ಮಂಡಾಳು ಮಿರ್ಚಿ ಬೇಕಂದಿ" ಎಂದ ಮಾವ, ಗೇಮು ನೋಡುತ್ತ. "ಅವತ್ತ ನನಗ ಜೀವ ಬಂದಂಗಾತು. ಅದರ ಗುರ್ತು ಅಂತ ಇದೊಂದ ಇತ್ತು."

ಅತ್ತೆ ಸೆರಗಿನ ತುದಿಯಿಂದ ಕಣ್ಣಿನ ಮೂಲೆ ಒತ್ತಿಕೊಂಡಳು. ಇಷ್ಟು ವರ್ಷ ಸಂಡಿಗೆಯ ಸೀರೆಯಿಂದ ಆ ಸೆಲ್ಲುಗಳನ್ನು ತೆಗೆದು ತೆಗೆದು ಬೈದವಳು! ಆಮೇಲೆ ಅವನ ಪಕ್ಕದಲ್ಲಿ ಕೂತು ಕೈ ಚಾಚಿದಳು.

"ತರ್ರಿ ಇಲ್ಲೆ. ಬ್ಯಾಟ್ರಿ ನೀವ ಹಿಡ್ಕೊರ್ರಿ."

ಬ್ಯಾಟ್ರಿ ಎಂದರೆ ಪೈಪು! ನಾಲಿಗೆ ಬದಲಾಗಿತ್ತು. ಮಾವ ಪೈಪನ್ನು ಕಂಕುಳಲ್ಲಿ ಭದ್ರವಾಗಿ ಒತ್ತಿಕೊಂಡ. ವೈರು ಗಿಡ್ಡ, ದೂರ ಕೂತರೆ ನಿಲುಕುವುದಿಲ್ಲ. ಹೀಗಾಗಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತರು. ಮೊದಲ ಆಟ ಬೇಗ ಮುಗಿಯಿತು. ಎರಡನೆಯದರಲ್ಲಿ ಅತ್ತೆಯ ಹೆಬ್ಬೆರಳಿಗೆ ಹಳೆಯದೆಲ್ಲ ನೆನಪಾದಂತಿತ್ತು. ಸಾಲುಗಳು ಒಂದೊಂದಾಗಿ ಮಾಯವಾಗತೊಡಗಿದವು. ಒಮ್ಮೆ ನಾಲ್ಕು ಸಾಲು ಒಟ್ಟಿಗೇ ಹೋದಾಗ ಅವಳು ಗಟ್ಟಿಯಾಗಿ ನಕ್ಕಳು.

ಒಳಗಿನಿಂದ ಮಗಳು ಕೂಗಿದಳು. "ಅಪ್ಪಾ, ಅವ್ವಾ, ಊಟಕ್ಕ ಏಳ್ರಿ!"

ಮಾವ ಪರದೆಯಿಂದ ಕಣ್ಣು ಕೀಳದೆ ಹೇಳಿದ.

"ನೀವು ಉಣ್ಣ್ರಿ. ಇಲ್ಲೆ ನಮ್ಮ ಮನಿ ಸ್ಕೋರ್ ಬರಾಕತ್ತೈತಿ."