ಎಂಟು ಮೀಟರ್ ಸರ್ಕಾರಿ ಸಾಲ

ಅಪ್ಪ ಅಮ್ಮ ಮಾತು ಬಿಟ್ಟು ಒಂಬತ್ತು ದಿನವಾಗಿತ್ತು. ಕಾರಣ, ಸರ್ಕಾರದ ಸಾಲ. (ನಮ್ಮ ಮನೆಯ ಸಾಲಕ್ಕೆ ಅವರು ಯಾವತ್ತೂ ಜಗಳವಾಡಿದವರಲ್ಲ. ಅದು ಇಬ್ಬರೂ ಸೇರಿ ಮಾಡಿದ್ದು.)

ಅಪ್ಪ ನೀರಿನ ಪೈಪು ಜೋಡಿಸುವವರು. ಸರ್ಕಾರ ಸಾಲ ತಂದರೆ ಪೈಪು ಬರುತ್ತದೆ, ಪೈಪು ಬಂದರೆ ನೀರು ಬರುತ್ತದೆ ಎಂಬುದು ಅವರ ಸಿದ್ಧಾಂತ. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬುದು ಅವಳ ಸಿದ್ಧಾಂತ. ಅಪ್ಪ ಆಳುವ ಪಕ್ಷ, ಅಮ್ಮ ವಿರೋಧ ಪಕ್ಷ. ನಡುವೆ ನಾನು. ತರಗತಿಯಲ್ಲಿ ಎದ್ದು ನಿಂತು ಓದೆಂದರೆ ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ, ಅದಕ್ಕೇ ಒಂಬತ್ತನೆಯದರಲ್ಲಿ ಶಾಲೆ ಬಿಟ್ಟು ಪರದೆ ಹೊಲಿಯುವ ಅಂಗಡಿ ಸೇರಿದವಳು. ಅಲ್ಲಿ ಮಾತೆಲ್ಲ ಮಿಷನ್ನಿನದು. ನಾನು ಯಾರದೋ ಕಿಟಕಿಗೆ ಪರದೆ ಹೊಲಿಯುತ್ತ, ಆ ಕಿಟಕಿಯಾಚೆ ಏನು ಕಾಣಬಹುದೆಂದು ಕನಸು ಕಾಣುತ್ತಿರುತ್ತೇನೆ.

ಇಂಥವಳನ್ನು ಅವರು ರಾಯಭಾರಿಯಾಗಿ ನೇಮಿಸಿದರು.

"ನಿಮ್ಮಪ್ಪನಿಗೆ ಹೇಳು, ಉಪ್ಪಿನ ಡಬ್ಬಿ ಅವರ ಮೊಣಕೈ ಹತ್ರಾನೇ ಇದೆ ಅಂತ."

"ನಿಮ್ಮಮ್ಮನಿಗೆ ಹೇಳು, ದೇಶದ ವರಮಾನದ ಮುಂದೆ ಈ ಸಾಲ ಯಾವ ಲೆಕ್ಕ ಅಂತ."

"ದೇಶದ ವರಮಾನ ಸರ್ಕಾರದ ಜೇಬಿಗೆ ಬರುತ್ತಾ ಅಂತ ಕೇಳು. ಬೀದಿಯವರ ಸಂಬಳ ಎಲ್ಲಾ ಸೇರಿಸಿ ಅದು ನಂದೇ ಅಂದ್ರೆ ನಾನೂ ಮಹಾರಾಣಿನೇ."

ಎರಡು ಅಡಿ ದೂರದಲ್ಲಿ ಕೂತವರಿಗೆ ಇದನ್ನೆಲ್ಲ ನಾನು ಬಾಯಿಬಿಟ್ಟು ಒಪ್ಪಿಸಬೇಕು. ಹುಟ್ಟಿದಾಗಿನಿಂದ ಆಡದಷ್ಟು ಮಾತನ್ನು ಒಂಬತ್ತೇ ದಿನದಲ್ಲಿ ಆಡಿ ನನ್ನ ದನಿ ಬಿದ್ದುಹೋಯಿತು. ಅವರು ಮತ್ತೆ ತಮ್ಮ ತಮ್ಮಲ್ಲೇ ಮಾತಾಡಿಕೊಂಡರೆ ಸಾಕು, ಬೇರೇನೂ ಬೇಡವೆನಿಸಿತು.

ಆಗ ಹೊಳೆಯಿತು. ಇಬ್ಬರೂ ಜಗಳವಾಡುವುದು ಕಣ್ಣಿಗೆ ಕಾಣದ ವಸ್ತುವಿಗೆ. ಅದನ್ನು ಕಾಣುವಂತೆ ಮಾಡಿದರೆ?

ಅಂಗಡಿಯಲ್ಲಿ ಉಳಿದಿದ್ದ ಉದ್ದನೆಯ ಬಟ್ಟೆಗಳನ್ನು ಯಜಮಾನಿಯನ್ನು ಕೇಳಿಯೇ ತಂದೆ. ಲಕ್ಷ ಕೋಟಿಗೆ ಹತ್ತು ಸೆಂಟಿಮೀಟರ್ ಎಂದು ಅಳತೆ ಇಟ್ಟುಕೊಂಡೆ. ಪತ್ರಿಕೆಯ ಅಂಕಿಗಳನ್ನು ಮೂರು ಸಲ ಓದಿ, ನಾಲ್ಕು ಸಲ ಅಳೆದು ಕತ್ತರಿಸಿದೆ. ದೇಶದ ವರ್ಷದ ವರಮಾನ, ಹತ್ತು ಮೀಟರ್ ನೀಲಿ ನೈಲಾನ್. ಸರ್ಕಾರದ ಕೈಗೆ ಬರುವ ತೆರಿಗೆ, ಎರಡು ಮೀಟರ್ ಹಳದಿ ನೈಲಾನ್. ಸಾಲ, ಎಂಟು ಮೀಟರ್ ಕೆಂಪು ಹತ್ತಿ. ಒಂದು ಹೊಲಿಗೆಯೂ ವಕ್ರವಾಗದಂತೆ ಅಂಚು ಮಡಚಿದೆ. ಭಾನುವಾರ ಬೆಳಿಗ್ಗೆ ತಾರಸಿಯ ಮೂರು ಹಗ್ಗಗಳುದ್ದಕ್ಕೂ ಒಂದೊಂದನ್ನು ಕಟ್ಟಿದೆ.

ಗಾಳಿ ಬಂತು. ಮೂರು ನದಿಗಳು ಆಕಾಶದಲ್ಲಿ ಪಕ್ಕಪಕ್ಕ ಹರಿದಂತಾಯಿತು. ಕೆಂಪು ನದಿ ಸೂರ್ಯನನ್ನು ಒಮ್ಮೆ ಮುಚ್ಚಿ, ಒಮ್ಮೆ ತೆರೆದು ಆಡುತ್ತಿತ್ತು. ಸಾಲ ಇಷ್ಟು ಚೆಂದವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅದರ ಕೆಳಗೆ ಮಲಗಿಬಿಡೋಣವೆನಿಸಿತು.

ಅಪ್ಪ ಹತ್ತಿ ಬಂದು ನೋಡಿದರು. "ನಿಮ್ಮಮ್ಮನಿಗೆ ತೋರಿಸು. ನೀಲಿಗಿಂತ ಕೆಂಪು ಗಿಡ್ಡ!"

ಅಮ್ಮ ಬಂದಳು. "ನಿಮ್ಮಪ್ಪನ ಕಣ್ಣಿಗೆ ಹಳದಿ ಬೀಳಲ್ವಾ ಕೇಳು. ಕೆಂಪು ಅದರ ನಾಲ್ಕರಷ್ಟಿದೆ!"

ಇಬ್ಬರೂ ಗೆದ್ದು, ಬೇರೆ ಬೇರೆಯಾಗಿ ಇಳಿದು ಹೋದರು.

ಮಾರನೆಯ ದಿನವಿಡೀ ಜಡಿಮಳೆ. ಅದರ ಮರುದಿನ ಸುಡುಬಿಸಿಲು. ಸಂಜೆ ಅಪ್ಪ ಅಳತೆಯ ಟೇಪು ಹಿಡಿದು ತಾರಸಿಯಿಂದ ಕೂಗಿದ ಕೂಗಿಗೆ ಪಾರಿವಾಳಗಳು ಹಾರಿಹೋದವು. ಅಮ್ಮನೂ ನಾನೂ ಓಡಿದೆವು.

"ಕೆಂಪು ಈಗ ಏಳು ಮೀಟರ್ ಅರವತ್ತು! ನಾಲ್ಕು ಲಕ್ಷ ಕೋಟಿ ತೀರಿದೆ! ಎರಡೇ ದಿನದಲ್ಲಿ! ಹೇಳು ನಿಮ್ಮಮ್ಮನಿಗೆ!"

"ಕತ್ತರಿ ಎಲ್ಲಿ ಬಚ್ಚಿಟ್ಟಿದ್ದಾರೆ ಕೇಳು! ಆಳುವವರೆಲ್ಲ ಮಾಡೋದು ಇದನ್ನೇ!"

"ಕತ್ತರಿ ಮುಟ್ಟಿದ್ರೆ ನನ್ನ ಕೈ ಸೇದಿಹೋಗ್ಲಿ ಅಂತ ಹೇಳು!"

ಅಮ್ಮ ಸಾಕ್ಷಿ ಹುಡುಕಲು ಕೆಂಪು ಬಟ್ಟೆಯ ತುದಿಯನ್ನು ಹಿಡಿದಳು. ಅಂಚಿನಲ್ಲಿ ನನ್ನ ಹೊಲಿಗೆ ಹಾಗೇ ಇತ್ತು. ಅವಳು ಬಟ್ಟೆಯನ್ನು ಬೆರಳಲ್ಲಿ ಉಜ್ಜಿದಳು, ಬೆಳಕಿಗೆ ಹಿಡಿದಳು. ಇಪ್ಪತ್ತು ವರ್ಷ ಬಟ್ಟೆಯ ನಾಡಿ ನೋಡಿದ ಕೈ. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದಳು.

"ಹತ್ತಿ ಬಟ್ಟೆ. ಕತ್ತರಿಸೋ ಮುಂಚೆ ನೀರಲ್ಲಿ ನೆನೆಸಿ ಒಣಗಿಸಿದ್ಯಾ?"

ಪರದೆ ಅಂಗಡಿಯಲ್ಲಿ ಮೊದಲ ದಿನ ಕಲಿಸುವ ಮೊದಲ ಪಾಠ ಅದು. ಹೊಸ ಹತ್ತಿ ನೀರು ಕಂಡರೆ ಕುಗ್ಗುತ್ತದೆ. ನಾಲ್ಕು ಸಲ ಅಳೆದಿದ್ದೆ. ಒಂದು ಸಲವೂ ನೆನೆಸಿರಲಿಲ್ಲ.

"ಇಲ್ಲಮ್ಮಾ," ಎಂದೆ.

ಅಮ್ಮ ಅಪ್ಪನ ಕಡೆ ತಿರುಗಿದಳು. ನೇರವಾಗಿ. "ನೋಡಿದ್ರೇನ್ರೀ ನಿಮ್ಮ ಮಗಳನ್ನ?"

"ನೋಡ್ದೆ ಕಣೇ. ಎರಡು ವರ್ಷ ಆಯ್ತು ಕೆಲಸಕ್ಕೆ ಸೇರಿ!"

"ಎಲ್ಲಿರುತ್ತೋ ಇವಳ ಗ್ಯಾನ."

"ಮೊನ್ನೆ ಎರಡೂ ಕಾಲಿಗೆ ಬೇರೆ ಬೇರೆ ಚಪ್ಪಲಿ ಹಾಕ್ಕೊಂಡು ಹೋಗಿದ್ಲು. ನಿಂಗೆ ಹೇಳೋಣ ಅಂದ್ರೆ ಮಾತಿರಲಿಲ್ಲ."

"ಅಯ್ಯೋ, ನಾನೂ ನೋಡ್ದೆ ರೀ! ನಿಮಗೆ ಹೇಳ್ಬೇಕು ಅಂತ ಒಳಗೊಳಗೇ ಒದ್ದಾಡ್ಬಿಟ್ಟೆ!"

ಮಾತಾಡುತ್ತ ಇಬ್ಬರೂ ಜೊತೆಯಾಗಿ ಮೆಟ್ಟಿಲಿಳಿದರು. ನಾನು ಮೂರು ನದಿಗಳನ್ನು ಮಡಚಿಕೊಂಡು ಹಿಂದೆಯೇ ಇಳಿದೆ. ಅಡುಗೆಮನೆಯಲ್ಲಿ ಆಡಳಿತ ಮತ್ತು ವಿರೋಧ ಪಕ್ಷಗಳ ಜಂಟಿ ಅಧಿವೇಶನ ನಡೆದಿತ್ತು. ನನ್ನ ಚಪ್ಪಲಿ ಮುಗಿದು ತಲೆಗೂದಲು, ತಲೆಗೂದಲು ಮುಗಿದು ನಾನು ಒಲೆಯ ಮೇಲೆ ಮರೆತ ಹಾಲು. ಎಲ್ಲ ಗೊತ್ತುವಳಿಗಳೂ ಸರ್ವಾನುಮತದಿಂದ ಅಂಗೀಕಾರ. ಅಮ್ಮ ನಗುತ್ತಿದ್ದಳು. ಅಪ್ಪ ಅವಳ ತಟ್ಟೆಗೆ ತಾವೇ ಉಪ್ಪು ಹಾಕುತ್ತಿದ್ದರು.

ನಾನು ಬಾಗಿಲಲ್ಲಿ ನಿಂತು ಕೇಳಿದೆ, "ಊಟಕ್ಕೆ ಬರಲಾ?"

"ಸ್ವಲ್ಪ ಇರೇ," ಎಂದರು ಇಬ್ಬರೂ ಒಟ್ಟಿಗೇ, "ನಿನ್ನ ವಿಷಯ ಇನ್ನೂ ಮುಗಿದಿಲ್ಲ."