ಸಣ್ಣಾಗಲು ಉಣ್ಣಬೇಕಾದ ಸಾವ್ಕಾರರು

ದವಾಖಾನೆಯಲ್ಲಿ ನಗು ಬರುವಂಥದ್ದು ದಿನಾ ಒಂದಾದರೂ ನಡೆಯುತ್ತದೆ. ತೊಂದರೆ ಏನೆಂದರೆ, ಅದು ನಡೆಯುವಾಗ ಎದುರಿಗೆ ಯಾರೋ ಒಬ್ಬರು ನರಳುತ್ತಿರುತ್ತಾರೆ.

ಜತ್ತದಲ್ಲಿ ಒಬ್ಬ ಖಾಸಗಿ ಡಾಕ್ಟರ ಹತ್ತಿರ ನಾನು ಕಂಪೌಂಡರ್ ಆಗಿದ್ದೆ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಮೂರ್ನಾಲ್ಕು ವರ್ಷ ಆಗಿತ್ತು. ಔಷಧ ಕಲಸುವುದು, ಬಾಟ್ಲಿಗೆ ಡೋಸಿನ ಅಳತೆ ತೋರಿಸುವ ಕಾಗದ ಕತ್ತರಿಸಿ ಅಂಟಿಸುವುದು, ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದವರಿಗೆ ಕನ್ನಡದಲ್ಲಿ ಹೇಳುವುದು, ಇವು ನನ್ನ ಕೆಲಸ. ಡಾಕ್ಟರು ಪುಣೆ ಕಡೆಯವರು. ನಮ್ಮಲ್ಲಿಗೆ ಬರುವವರಲ್ಲಿ ಬಹಳಷ್ಟು ಮಂದಿಯ ರೋಗ ಒಂದೇ, ಹಸಿವು. ರೇಷನ್ ಜೋಳಕ್ಕೆ ನಿಂತು ನಿಂತು ತಲೆ ಸುತ್ತಿ, ಅಲ್ಲಿಂದ ನೇರ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದರು. ಅಂಥ ಕಾಲದಲ್ಲಿ ಒಬ್ಬರು ಮೈ ಹೆಚ್ಚಾಗಿದೆ ಅಂತ ಔಷಧ ಕೇಳಿಕೊಂಡು ಬಂದರು.

ಎಂಟು ಪೆಂಟಿ

ಅವರು ಪೇಟೆಯ ಬೆಲ್ಲ, ಶೇಂಗಾ ವ್ಯಾಪಾರದ ಸಾವ್ಕಾರರು. ನಮ್ಮ ನಾಲ್ಕು ಮೆಟ್ಟಿಲು ಏರಿ ಬಂದವರಿಗೆ ಮಾತಾಡಲು ಉಸಿರು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಅವರ ಭಯಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವರ ಅಣ್ಣ ಅದೇ ಅಂಗಡಿಯ ಗಾದಿಯ ಮೇಲೆ ಲೋಡಿಗೆ ಒರಗಿಕೊಂಡೇ ಪ್ರಾಣ ಬಿಟ್ಟಿದ್ದರು. ಅವರೂ ಇಷ್ಟೇ ದಪ್ಪ. ನಿದ್ದೆ ಹತ್ತಿದೆ ಅಂದುಕೊಂಡು ಗಿರಾಕಿಗಳು ಮಧ್ಯಾಹ್ನದ ತನಕ ದನಿ ತಗ್ಗಿಸಿ ವ್ಯಾಪಾರ ಮಾಡಿದ್ದರು. ಈಗ ಆ ಗಾದಿಯ ಮೇಲೆ ಇವರು ಕೂರುತ್ತಿದ್ದರು.

ಡಾಕ್ಟರು ಎದೆ ನೋಡಿದರು, ಕಾಲಿನ ಬಾವು ನೋಡಿದರು, ತೂಕ ಎಷ್ಟು ಅಂತ ಕೇಳಿದರು. ಹುಟ್ಟಿದ ಮೇಲೆ ಯಾರೂ ತೂಗಿಲ್ಲ ಅಂದರು ಸಾವ್ಕಾರರು. ನಮ್ಮಲ್ಲಿದ್ದದ್ದು ಕೂಸುಗಳನ್ನು ತೂಗುವ ತಕ್ಕಡಿ. ಕೊನೆಗೆ ಅವರ ಅಂಗಡಿಯಲ್ಲೇ ಚೀಲ ತೂಗುವ ದೊಡ್ಡ ತಕ್ಕಡಿ ಇದೆಯಲ್ಲ, ಅದರಲ್ಲಿ ತೂಗಿ ಬರೆದುಕೊಂಡು ಬಾ ಅಂತ ನನ್ನನ್ನು ಕಳಿಸಿದರು.

ತಕ್ಕಡಿಯ ಒಂದು ಪರಡಿಯಲ್ಲಿ ಸಾವ್ಕಾರರು ಕುಂತರು. ಇನ್ನೊಂದರಲ್ಲಿ ಗುಮಾಸ್ತ ಬೆಲ್ಲದ ಪೆಂಟಿ, ಅಂದರೆ ದೊಡ್ಡ ಉಂಡೆ, ಒಂದೊಂದೇ ಇಡುತ್ತ ಹೋದ. ಎಂಟನೇ ಪೆಂಟಿಗೆ ಅವರ ಪರಡಿ ನೆಲ ಬಿಟ್ಟಿತು. ಅಷ್ಟರಲ್ಲಿ ಬಾಗಿಲ ಮುಂದೆ ಮಂದಿ ಕೂಡಿತ್ತು. ತುಲಾಭಾರ ನಡೆದಿದೆ ಅಂತ ತಿಳಿದು ಹೆಂಗಸರು ಕೈ ಮುಗಿದರು. ಯಾರೋ ಒಂದು ಹೂವು ಕೂಡ ಎಸೆದರು. ಒಬ್ಬ ಮುದುಕ ಮುಂದೆ ಬಂದು, ಯಾವ ದೇವರ ಹರಕೆ, ಬೆಲ್ಲ ಯಾವಾಗ ಹಂಚುತ್ತೀರಿ ಅಂತ ಕೇಳಿದ. ಸಾವ್ಕಾರರು ತೂಗಾಡುತ್ತಲೇ, ಇದು ಹರಕೆ ಅಲ್ಲ, ರೋಗ ಅಂದರು.

ಮುದುಕ ಪೆಂಟಿಗಳ ಕಡೆ ನೋಡಿ ಅಂದ, "ರೋಗದ್ದಾದ್ರೂ ಬೆಲ್ಲ ಬೆಲ್ಲನ ಅಲ್ರಿ."

ಬಾಯಿಂದ ಅಡಿಗೆ

ಸ್ವಲ್ಪ ಕಡಿಮೆ ಉಣ್ಣಿರಿ, ತುಪ್ಪ, ಬೆಲ್ಲ, ಭಜಿ ಬಿಡಿರಿ, ನಡೆದಾಡಿರಿ ಅಂತ ಡಾಕ್ಟರು ಹೇಳಿದ್ದರು. ಸಾವ್ಕಾರರು ವ್ಯಾಪಾರಸ್ಥರು, ತಮ್ಮದೇ ಲೆಕ್ಕ ಹಾಕಿದರು. ಕಡಿಮೆ ಉಂಡರೆ ನಿಧಾನಕ್ಕೆ ಇಳಿಯುತ್ತದೆ ಅಂದಮೇಲೆ, ಉಣ್ಣದೇ ಇದ್ದರೆ ಲಗೂನ ಇಳಿಯಬೇಕು. ಮರುದಿನದಿಂದ ನಿಂಬೆಹಣ್ಣಿನ ನೀರು, ಸಕ್ಕರೆ ಇಲ್ಲದ ಚಹಾ, ಇಷ್ಟೇ. ಅಣ್ಣನ ಲೋಡನ್ನು ತೆಗೆಸಿ ಒಳಗೆ ಇಡಿಸಿದರು. ಬೆನ್ನು ನೆಟ್ಟಗೆ ಮಾಡಿ ಕುಂತು, ಬೆಲ್ಲದ ರಾಶಿಯ ಕಡೆ ಮುಖ ಮಾಡದೆ ವ್ಯಾಪಾರ ಮಾಡತೊಡಗಿದರು.

ನಾಲ್ಕೈದು ದಿನಕ್ಕೆ ಅವರ ಮುಖ ಇಳಿಯಿತು, ದನಿ ಇಳಿಯಿತು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ ಅಂತ ಗುಮಾಸ್ತ ನನ್ನ ಹತ್ತಿರ ಹೇಳಿ ಮರುಗಿದ. ಅದಕ್ಕಿಂತ ಅವನಿಗೆ ಚಿಂತೆಯಾಗಿದ್ದು ಬೇರೆ. ಯಾರಾದರೂ ಶೇಂಗಾ ತೊಗೊಳ್ಳಲು ಬಂದರೆ, ಇದರಿಂದ ಏನು ಮಾಡುತ್ತೀರಿ ಅಂತ ಸಾವ್ಕಾರರು ಕೇಳುತ್ತಿದ್ದರು. ರೊಟ್ಟಿಗೆ ಚಟ್ನಿಹಿಂಡಿ ಅಂದರೆ, ಹ್ಯಾಂಗ ಹುರಿಯುತ್ತೀರಿ, ಬೆಳ್ಳುಳ್ಳಿ ಎಷ್ಟು ಎಸಳು, ಖಾರ ಒರಳಿನಲ್ಲೇ ಹಾಕುತ್ತೀರೋ ಆಮೇಲೋ, ಮೇಲೆ ಎಣ್ಣೆ ಬಿಡುತ್ತೀರೋ ಮೊಸರೋ, ರೊಟ್ಟಿ ಬಿಸಿಯೋ ಕಟಕೋ. ಎಲ್ಲ ಕೇಳಿ ಮುಗಿಸಿ, ಬಾಯಲ್ಲಿ ಬಂದ ನೀರು ನುಂಗಿ, ಆಮೇಲೆ ತಕ್ಕಡಿ ಎತ್ತುತ್ತಿದ್ದರು. ಕೇಳುವಾಗ ಅವರ ಕಣ್ಣು ಒದ್ದೆಯಾಗುತ್ತಿದ್ದವು ಅಂತ ಗುಮಾಸ್ತ ಅಂದ.

ಆ ವಾರ ಕೆಮ್ಮಿಗೆ ಔಷಧ ಒಯ್ಯಲು ಬಂದ ಕುಣಿಕೋಣೂರಿನ ಒಬ್ಬ ಹೆಣ್ಣುಮಗಳು ನನ್ನ ಮುಂದೆ ದೂರಿದಳು. "ಒಂದು ಸೇರು ಶೇಂಗಾ ತರಾಕ ಹೋಗಿದ್ದೆ. ಆ ಸಾವ್ಕಾರ ನನ್ನ ಕಡಿಂದ ಇಡೀ ಅಡಗಿ ಬಾಯಿಲೇ ಮಾಡಿಸಿದ. ಮನಿಗೆ ಹೋಗಿ ಮತ್ತ ಮಾಡೂದರಾಗ ಸಾಕಾತ್ರಿ."

ಯಾರು ಪೇಶಂಟು

ಹತ್ತನೆಯ ದಿನ ಸಾವ್ಕಾರರ ಮನೆಯ ಚಕ್ಕಡಿ ದವಾಖಾನೆ ಮುಂದೆ ಬಂದು ನಿಂತಿತು. ಒಳಗೆ ಅವರ ಹೆಂಡತಿ ಸಾವ್ಕಾರ್ತಿ, ಆಕೆಯನ್ನು ಹಿಡಿದುಕೊಂಡು ಅತ್ತೆ, ಅಂದರೆ ಸಾವ್ಕಾರರ ತಾಯಿ. ಸಾವ್ಕಾರರು ಚಕ್ಕಡಿಯ ಮಗ್ಗುಲಲ್ಲಿ ನಡೆದುಕೊಂಡು ಬಂದಿದ್ದರು. ಮೆಟ್ಟಿಲು ಹತ್ತುವಾಗ ಅವರು ಓಲಾಡಿದರು. ಡಾಕ್ಟರು ಓಡಿಬಂದು ಅವರನ್ನೇ ಹಿಡಿದು, ಇದ್ದ ಒಂದೇ ಮಂಚದ ಮೇಲೆ ಮಲಗಿಸಿ, ಎದೆಗೆ ನಳಿಗೆ ಹಚ್ಚಿದರು. ತಮಗೇನೂ ಆಗಿಲ್ಲ ಅಂತ ಹೇಳಲು ಸಾವ್ಕಾರರಿಗೆ ಉಸಿರು ಸಾಲಲಿಲ್ಲ. ಸಾವ್ಕಾರ್ತಿ ಮಾತ್ರ ಬಾಯಿಗೆ ಸೆರಗು ಹಿಡಿದು ಗೋಡೆಗೆ ಆತು ನಿಂತಿದ್ದರು. ಡಾಕ್ಟರು ತಿರುಗಿ ನೋಡುವಷ್ಟರಲ್ಲಿ ಅವರು ಗೋಡೆಗುಂಟ ಜಾರಿ ನೆಲಕ್ಕೆ ಕುಂತಿದ್ದರು.

ಮಂಚದಿಂದ ಸಾವ್ಕಾರರನ್ನು ಇಳಿಸಿ ಸಾವ್ಕಾರ್ತಿಯನ್ನು ಮಲಗಿಸಿದೆವು. ಕೈ ಹಿಡಿದರೆ ಎಲುಬು ಬಿಟ್ಟು ಬೇರೆ ಏನೂ ಸಿಗಲಿಲ್ಲ. ಗ್ಲೂಕೋಸು ಕಲಸಿದ ನೀರನ್ನು ನಾನು ಚಮಚೆಯಿಂದ ಬಾಯಿಗೆ ಬಿಟ್ಟೆ. ಎಷ್ಟು ದಿನದಿಂದ ಉಂಡಿಲ್ಲ ಅಂತ ಡಾಕ್ಟರು ಕೇಳಿದರು. ಅವರು ಬಹಳ ಮೆಲ್ಲಗೆ, "ಅವರು ಉಂಡಿಲ್ಲಲ್ರಿ" ಅಂದರು.

ಅಷ್ಟೇ ವಿಷಯ. ಆ ಮನೆಯಲ್ಲಿ ಗಂಡ ಉಣ್ಣದೆ ಹೆಂಡತಿ ಉಣ್ಣುತ್ತಿರಲಿಲ್ಲ. ಗಂಡ ಹತ್ತು ದಿನ ಉಣ್ಣಲಿಲ್ಲ. ಹಿತ್ತಲಲ್ಲಿ ಒಂದು ಹಿಡಿ ಚುರಮುರಿ, ಒಂದು ವಾಟೆ ಮಜ್ಜಿಗೆ, ಅದೂ ಅತ್ತೆ ಒತ್ತಾಯ ಮಾಡಿದಾಗ. ಮೊದಲೇ ಅವರು ಎಲ್ಲರದೂ ಆದಮೇಲೆ ಉಳಿದದ್ದನ್ನು ಉಣ್ಣುವವರು. ಸಾವ್ಕಾರರು ಮೂಲೆಯ ಸ್ಟೂಲಿನ ಮೇಲೆ ಕುಂತು ಹೆಂಡತಿಯನ್ನು ಹೊಸಬರನ್ನು ನೋಡುವಂತೆ ನೋಡುತ್ತಿದ್ದರು. ಇವರು ದಿನಾ ಏನು ಉಣ್ಣುತ್ತಾರೆ ಅಂತ ಡಾಕ್ಟರು ಕೇಳಿದರು. ಮನೆಯಲ್ಲಿ ಏನಿದೆಯೋ ಅದು ಅಂದರು ಸಾವ್ಕಾರರು. ಎಷ್ಟು ರೊಟ್ಟಿ ಅಂದರೆ ಅದೂ ಗೊತ್ತಿಲ್ಲ. ಡಾಕ್ಟರು ಸಿಟ್ಟಿನಿಂದ, ನಿಮ್ಮ ಎತ್ತು ಎಷ್ಟು ತಿನ್ನುತ್ತದೆ ಗೊತ್ತೇ ಅಂತ ಕೇಳಿದರು. ಸಾವ್ಕಾರರು ತಟ್ಟನೆ, ಮುಂಜಾನೆ ಇಷ್ಟು ಹಿಂಡಿ, ಸಂಜೆ ಇಷ್ಟು ಹೊಟ್ಟು ಅಂತ ಎರಡೂ ಎತ್ತಿನದು ಬೇರೆ ಬೇರೆ ಹೇಳಿದರು. ಹೇಳಿಯಾದ ಮೇಲೆ ಅವರಿಗೇ ನಾಚಿಕೆಯಾಗಿ ತಲೆ ತಗ್ಗಿಸಿದರು.

ಮಂಚದ ಮೇಲಿಂದ ಸಾವ್ಕಾರ್ತಿ ಕಣ್ಣು ಮುಚ್ಚಿಕೊಂಡೇ ಅಂದರು, "ಎತ್ತಿಂದು ಬಿಡ್ರಿ. ಅದು ಅವರ ಕಣ್ಣೆದುರಿಗೆ ತಿಂತೈತಿ."

ಉಷ್ಣ

ಮರುದಿನ ಡಾಕ್ಟರು ಸಾವ್ಕಾರರನ್ನೂ ಅವರ ತಾಯಿಯನ್ನೂ ಕೂರಿಸಿಕೊಂಡು ಮರಾಠಿಯಲ್ಲಿ ದೊಡ್ಡ ಭಾಷಣ ಮಾಡಿದರು. ಅದರಲ್ಲಿ ಅವರು ಮತ್ತೆ ಮತ್ತೆ ಒಂದೇ ಶಬ್ದ ಆಡಿದರು, ಉಷ್ಮಾಂಕ. ಸಣ್ಣಾಗಬೇಕಾದರೂ ಮೈಗೆ ಪ್ರತಿದಿನ ಸಾಕಷ್ಟು ಉಷ್ಮಾಂಕ ಬೇಕು. ಸಾವ್ಕಾರರ ಮರಾಠಿ ಪೇಟೆಯ ಮರಾಠಿ, ಅವರು ನನ್ನ ಮುಖ ನೋಡಿದರು. ನಾನೂ ಆ ಶಬ್ದ ಮೊದಲ ಸಲ ಕೇಳಿದ್ದು. ಗೊತ್ತಿಲ್ಲ ಅನ್ನಲು ಮನಸ್ಸು ಬರಲಿಲ್ಲ. ಮೈಯಲ್ಲಿ ಸಾಕಷ್ಟು ಉಷ್ಣ ಇರಬೇಕಂತೆ ಅಂತ ಹೇಳಿಬಿಟ್ಟೆ.

ಎರಡು ದಿನ ಬಿಟ್ಟು ಸಾವ್ಕಾರರು ಬಂದರು. ಹೊರಗೆ ಬೇಸಿಗೆಯ ಬಿಸಿಲು, ಇವರು ಕುರಿಗಾರರ ಕರಿಕಂಬಳಿ ಹೊದ್ದಿದ್ದರು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ತುಟಿಯೆಲ್ಲ ಹುಣ್ಣು. ಡಾಕ್ಟರು ಚಳಿಜ್ವರ ಅಂದುಕೊಂಡು ಬಾಯಿಗೆ ಥರ್ಮಾಮೀಟರು ಇಟ್ಟರು. ಹಿಂದೆಯೇ ಬಂದ ತಾಯಿ, ತಾವು ಏನೂ ಕಡಿಮೆ ಮಾಡಿಲ್ಲ ಅಂತ ವರದಿ ಕೊಟ್ಟರು. ಹುರಳಿ ಕಟ್ಟು, ಒಣಶುಂಠಿ, ಹಸಿ ಬೆಳ್ಳುಳ್ಳಿ, ಮೆಣಸು, ಮೂರು ಹೊತ್ತು. ಊಟ ಮಾತ್ರ ಕೊಟ್ಟಿಲ್ಲ, ಊಟ ಮಾಡಿದರೆ ಮೈ ತಂಪಾಗುತ್ತದಲ್ಲ. ಕಂಬಳಿ ಕುಣಿಕೋಣೂರಿನಿಂದ ತರಿಸಿದ್ದು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಒಪ್ಪಿಕೊಂಡೆ. ಆಗ ಅವರು ಮೊದಲ ಸಲ ಬೇಸರ ಮಾಡಿಕೊಳ್ಳದೆ ಸರಳವಾಗಿ ತಿಳಿಸಿದರು. ಉಷ್ಮಾಂಕ ಅಂದರೆ ಕಾವಲ್ಲ, ಇಂಗ್ಲಿಷಿನ ಕ್ಯಾಲರಿ, ಉಂಡ ಅನ್ನದಿಂದ ಮೈಗೆ ಸಿಗುವ ಬಲದ ಅಳತೆ. ಅದು ತೀರ ಕಡಿಮೆಯಾದರೆ ಮೈ ತನ್ನ ಮಾಂಸವನ್ನೇ ತಿನ್ನುತ್ತದೆ. ಎದೆಯ ಗುಂಡಿಗೆಯೂ ಮಾಂಸವೇ. ಉಪವಾಸ ಬಿದ್ದರೆ ಅಣ್ಣ ಹೋದ ದಾರಿಗೆ ಇನ್ನೂ ಲಗೂನ ಹೋಗುತ್ತೀರಿ. ಸಾವ್ಕಾರರು ಕಂಬಳಿಯೊಳಗೇ ಅತ್ತರು. ಉಣ್ಣಲು ಹೆದರಿಕೆ, ಬಿಡಲು ಹೆದರಿಕೆ, ನಾನೇನು ಮಾಡಲಿ ಅಂತ ಕೇಳಿದರು. ಡಾಕ್ಟರು ಅವರ ಭುಜದ ಮೇಲೆ ಕೈ ಇಟ್ಟು, ಕಂಬಳಿ ಕಾದಿದ್ದರಿಂದ ಲಗೂನ ತೆಗೆದರು.

ಅವರು ಹೋದಮೇಲೆ ನನ್ನನ್ನು ಕರೆದು ತಮ್ಮ ಅರ್ಧ ಕನ್ನಡದಲ್ಲಿ, "ನಾಳೆಪಾಸೂನ, ನಾಳಿಂದ, ನೀ ಬರೀ ಬಾಟ್ಲಿ ತೊಳಿ. ಭಾಷಾ ಮುಟ್ಟಬ್ಯಾಡ" ಅಂದರು.

ಜೋಡಿ ಔಷಧ

ಊಟದ ಕಾಗದವನ್ನು ಡಾಕ್ಟರು ತಾವೇ ಬರೆದರು. ಮುಂಜಾನೆ ಒಂದು ರೊಟ್ಟಿ, ಹೆಸರುಕಾಳಿನ ಪಲ್ಯ. ಮಧ್ಯಾಹ್ನ ಎರಡು ರೊಟ್ಟಿ, ಬೇಳೆ, ಸೊಪ್ಪು, ಮಜ್ಜಿಗೆ. ಸಂಜೆ ಮುಂದೆ ಒಂದು ಮುಷ್ಟಿ ಹುರಿದ ಶೇಂಗಾ. ಮುಷ್ಟಿ ಸಾವ್ಕಾರರದಲ್ಲ, ಸಾವ್ಕಾರ್ತಿಯದು ಅಂತ ಕೆಳಗೆ ಗೆರೆ ಎಳೆದಿದ್ದರು. ರಾತ್ರಿ ಒಂದು ರೊಟ್ಟಿ, ಪಲ್ಯ. ದಿನಾ ಮುಚ್ಚಂಡಿ ರಸ್ತೆಗುಂಟ ಒಂದಷ್ಟು ನಡಿಗೆ. ಹೆಂಡತಿಗೆ ಇದೇ ಊಟ, ಜೊತೆಗೆ ಎರಡು ಹೊತ್ತು ಹಾಲು, ಬೆಲ್ಲ.

ಕಷ್ಟ ಇದ್ದದ್ದು ಹೆಂಡತಿಯದು. ಸೊಸೆ ಗಂಡನ ಎದುರಿಗೆ ಕುಂತು ಉಣ್ಣುವುದು ಆಗದ ಮಾತು ಅಂತ ಅತ್ತೆ ಖಂಡಿತ ಹೇಳಿದ್ದರು. ಡಾಕ್ಟರು ವಾದ ಮಾಡಲಿಲ್ಲ. ನನಗೆ ಹೇಳಿ ಓಂಕಾಳಿನ ನೀರು ತುಂಬಿಸಿ, ಬಾಟ್ಲಿಗೆ ಎರಡು ಸಾಲು ಡೋಸಿನ ಕಾಗದ ಹಚ್ಚಿಸಿದರು. ಇದು ಜೋಡಿ ಔಷಧ, ಗಂಡ ಹೆಂಡತಿ ಒಂದೇ ಹೊತ್ತಿಗೆ ಎದುರುಬದುರು ಕುಂತು ಉಂಡು, ತಕ್ಷಣ ಕುಡಿದರೆ ಮಾತ್ರ ಹತ್ತುತ್ತದೆ ಅಂದರು. ಮಾತಿಗೆ ಬಗ್ಗದ ಮುದುಕಿ ಬಾಟ್ಲಿಗೆ ಬಗ್ಗಿದರು.

ಮೊದಲ ದಿನ ಸಾವ್ಕಾರ್ತಿಗೆ ತುತ್ತು ಇಳಿಯಲಿಲ್ಲವಂತೆ. ಸಾವ್ಕಾರರು ಗೋಡೆ ಕಡೆ ಮುಖ ತಿರುಗಿಸಿ ಕುಂತು ಉಂಡರಂತೆ, ಆಕೆಗೆ ಸಂಕೋಚ ಆಗಬಾರದು ಅಂತ. ತಿಂಗಳಾಗುವಷ್ಟರಲ್ಲಿ ಮುಖ ಈ ಕಡೆ ಬಂತು. ಸಾವ್ಕಾರ್ತಿ ಗಂಡನಿಗಿಂತ ಮೊದಲೇ ತೀರಿಕೊಂಡರು, ಅದು ಬಹಳ ವರ್ಷದ ಮೇಲಿನ ಮಾತು. ಆದರೆ ಅಲ್ಲಿಯ ತನಕ ಹೊಟ್ಟೆ ತುಂಬ ಉಂಡರು.

ಎರಡನೇ ಬಾಟ್ಲಿ ಒಯ್ಯಲು ಮುದುಕಿಯೇ ಬಂದರು. ಬಾಟ್ಲಿ ತೊಗೊಂಡ ಮೇಲೂ ಏಳಲಿಲ್ಲ. ಏನು ಅವ್ವಾರ ಅಂತ ಕೇಳಿದೆ. "ನನಗೂ ಒಂದು ಕೊಡು ಯಪ್ಪಾ. ನಮ್ಮವರು ಹೋಗಿ ಇಪ್ಪತ್ತು ವರ್ಷಾತು. ನಾನೂ ಒಬ್ಬಾಕಿನ ಉಣ್ಣಾಕತ್ತೀನಿ" ಅಂದರು. ಆಮೇಲೆ ತಾವೇ ಸೆರಗು ಕೊಡವಿ ಎದ್ದು, "ಬ್ಯಾಡ ಬಿಡು. ಅವರು ಭಾಳ ಸಪ್ಪಳಾ ಮಾಡಿ ಉಣ್ಣತಿದ್ದರು" ಅಂತ ಹೊರಟುಹೋದರು.

ಆರು ಹೋಳಿಗೆ

ಸಾವ್ಕಾರರ ಮಗಳ ಲಗ್ನ ಮುರಿಯಲಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ದಿನ ನಾವು ಪಟ್ಟ ಸಂಕಟವನ್ನು ಇನ್ನೊಬ್ಬರು ಪಡುವುದು ಬೇಡ.

ಆರು ತಿಂಗಳಲ್ಲಿ ಸಾವ್ಕಾರರು ಚೆನ್ನಾಗಿ ಇಳಿದರು. ಮೆಟ್ಟಿಲು ಹತ್ತಿದರೂ ಉಸಿರು ಸಿಗುತ್ತಿತ್ತು. ಆದರೆ ನಮ್ಮೂರಲ್ಲಿ ಉಣ್ಣುವ ಮನೆಯವರು ತೆಳ್ಳಗಾದರೆ ಜನ ತಿಳಿಯುವುದು ಒಂದೇ. ಕ್ಷಯ ಅಂತ ಮಾತೆದ್ದಿತು. ಅಂಗಡಿಗೆ ಬಂದವರು ದೂರ ನಿಂತು ಚೀಲ ಚಾಚತೊಡಗಿದರು. ಅವರ ಮನೆಯಲ್ಲಿ ನೀರು ಕುಡಿಯುವುದನ್ನು ನೆರೆಯವರು ಬಿಟ್ಟರು. ಮಗಳಿಗೆ ಮುಚ್ಚಂಡಿಯ ಮನೆತನದಲ್ಲಿ ಗಂಡು ಗೊತ್ತಾಗಿತ್ತು. ಅಲ್ಲಿಂದ ಸುದ್ದಿ ಬಂತು, ಹುಡುಗನ ತಂದೆ ಖುದ್ದಾಗಿ ಬರುತ್ತಾರೆ, ಮಾತಾಡುವುದಿದೆ. ಆ ಹುಡುಗಿ ಎರಡು ದಿನ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ.

ಬೀಗರು ಬರುವ ದಿನ ಡಾಕ್ಟರು ಮಿರಜಿಗೆ ಹೋಗಿದ್ದರು. ಕ್ಷಯ ಅಲ್ಲ ಅಂತ ಸಾಕ್ಷಿ ಹೇಳಲು ಸಾವ್ಕಾರರು ನನ್ನನ್ನು ಕರೆಸಿದರು. ಸಾವ್ಕಾರರ ಹಳೆಯ ಕೋಟು ಈಗ ಜೋಲುತ್ತಿತ್ತು. ತುಂಬಿಕೊಂಡಂತೆ ಕಾಣಲಿ ಅಂತ ಸಾವ್ಕಾರ್ತಿ ಅದರ ಬೆನ್ನಿಗೆ ಮಡಿಕೆ ಹಾಕಿ ಹೊಲಿದಿದ್ದರು. ರೋಗಸ್ಥರಿಗೆ ಊಟ ಸೇರುವುದಿಲ್ಲವಲ್ಲ, ಅದಕ್ಕೆ ಬೀಗರ ಎದುರಿಗೆ ಹೊಟ್ಟೆ ಬಿರಿಯುವಂತೆ ಉಂಡು ತೋರಿಸಬೇಕು ಅಂತ ತಾಯಿ ಹುಕುಂ ಮಾಡಿದ್ದರು.

ಬೀಗರು ಬಂದರು. ದೊಡ್ಡ ಮೈಯ ಆಳು. ಬಾಗಿಲ ಹೊಸ್ತಿಲು ದಾಟಿ ಕುಂತವರು ಬೆವರು ಒರೆಸಿಕೊಂಡರು. ತಾಟು ಬಂದಮೇಲೂ ಅವರ ಕಣ್ಣು ಸಾವ್ಕಾರರ ತಾಟಿನ ಮೇಲೆಯೇ. ತಿಂಗಳುಗಟ್ಟಲೆ ಅಳತೆಯಲ್ಲಿ ಉಂಡ ಸಾವ್ಕಾರರು ಮೊದಲ ಹೋಳಿಗೆ ತುಪ್ಪದಲ್ಲಿ ಅದ್ದಿದರು. ಎರಡು, ಮೂರು. ನಾಲ್ಕನೆಯದಕ್ಕೆ ಅವರ ಮುಖ ಕೆಂಪಾಯಿತು. ಬಾಗಿಲ ಹಿಂದೆ ಹುಡುಗಿಯ ಬಳೆ ಸದ್ದು ನಿಂತಿತು. ಐದನೆಯದನ್ನು ನೀರು ಕುಡಿದು ಇಳಿಸಿದರು. ಆರನೆಯದಕ್ಕೆ ಬಗ್ಗಿದಾಗ ಕೋಟಿನ ಬೆನ್ನ ಹೊಲಿಗೆ ಟರ್ರನೆ ಬಿಚ್ಚಿತು. ಯಾರೂ ನಗಲಿಲ್ಲ. ಬೀಗರು ಕೈ ತೊಳೆದು, ಕಂಪೌಂಡರರ ಹತ್ತಿರ ಒಂದು ಮಾತು ಇದೆ ಅಂತ ನನ್ನನ್ನು ದನದ ಕೊಟ್ಟಿಗೆ ಕಡೆ ಕರೆದುಕೊಂಡು ಹೋದರು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರು ಬಾಯಿ ತೆರೆಯುವ ಮೊದಲೇ, ಅದು ಕ್ಷಯ ಅಲ್ಲ, ಡಾಕ್ಟರು ಎರಡು ಸಲ ಎದೆ ನೋಡಿದ್ದಾರೆ, ಬೇಕಾದರೆ ಬರೆದುಕೊಡುತ್ತಾರೆ ಅಂತ ಒಂದೇ ಉಸಿರಿಗೆ ಹೇಳಿದೆ. ಬೀಗರು ಸುತ್ತ ಒಮ್ಮೆ ನೋಡಿ, ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಕ್ಷಯ ಅಂತ ನಾ ಎಲ್ಲಿ ಅಂದೀನ್ರಿ? ಎದುರಿಗೆ ಕುಂತು ಆರು ಹೋಳಿಗಿ ಎಣಿಸೀನಿ. ಇಷ್ಟು ಉಂಡೂ ಆ ಮನುಷ್ಯಾ ಹಿಂಗ ಸಣ್ಣಾಗ್ಯಾನಂದ್ರ, ಏನು ಕೊಟ್ಟೀರಿ ಅದನ್ನ ನನಗೂ ಕೊಡ್ರಿ. ನನಗ ನಾಕು ಹೋಳಿಗಿ ಉಣ್ಣಾಕ ಸಿಕ್ರೂ ಸಾಕು."